ಕೈ ನಡುಗದ ಬೈಲರ್‌ಗಳ ಊರಿನಲ್ಲಿ

ಪದ್ಮನಾಭನಗರ

ಯುರೋಪಿಗೆ ಹೋಗಿ ಬಂದವರು ಹಿಮ ಮುಟ್ಟಿದ್ದು, ಬೆಟ್ಟದ ಮೇಲೆ ಫೋಟೋ ತೆಗೆಸಿಕೊಂಡಿದ್ದು, ಚಾಕಲೇಟು ಹೊತ್ತು ತಂದಿದ್ದು ಹೇಳುತ್ತಾರೆ. ನಾನು ಹೆದರಿಕೊಂಡು ಹೋದೆ, ಹೆದರಿಕೊಂಡೇ ಇದ್ದೆ, ವಾಪಸ್ ಬರುವಾಗ ಇನ್ನೂ ಹೆಚ್ಚು ಹೆದರಿದ್ದೆ. ಸುಂದರ ದೃಶ್ಯಗಳ ವರ್ಣನೆ ಬೇಕಾದವರು ಇಲ್ಲೇ ಇಳಿದುಬಿಡುವುದು ಒಳ್ಳೆಯದು.

ನನ್ನ ಹೆಸರು ಸುಗುಣಾ ಬೈಲರ್, ಮದುವೆಯಾದ ಮೇಲೂ ಅಪ್ಪನ ಮನೆಯ ಹೆಸರನ್ನೇ ಇಟ್ಟುಕೊಂಡವಳು. ಪದ್ಮನಾಭನಗರದ ನಮ್ಮ ಮನೆಯ ಮಹಡಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಇಪ್ಪತ್ತೈದು ವರ್ಷದಲ್ಲಿ ನನ್ನನ್ನು ‘ಬಾಯ್ಲರ್ ಮೇಡಂ’ ಅನ್ನದ ಬ್ಯಾಚು ಒಂದೂ ಇಲ್ಲ. ನಾವು ಮಿಷನ್ನಿನ ಕಾಲದಿಂದ ಕ್ರೈಸ್ತರು. ಅಪ್ಪನ ಅಜ್ಜ ಯೋಹಾನ ಧಾರವಾಡದ ಕಡೆ ಒಂದು ಮಿಷನ್ ಅನಾಥಾಲಯದಲ್ಲಿ ಬೆಳೆದವನು. ಅವನ ಅಪ್ಪ ಒಬ್ಬ ಜರ್ಮನ್ ದೊರೆ, ಹೆಸರು ಕೊಟ್ಟು ಹಡಗು ಹತ್ತಿ ಹೋದ ಅಂತ ನಮ್ಮ ಮನೆಯ ಕಥೆ. ನನ್ನ ತಮ್ಮ ಸುಧೀರ ಈ ಕಥೆಯನ್ನು ಕುಡಿದು ಬೆಳೆದವನು. ಬನಶಂಕರಿಯಲ್ಲಿ ಅವನ ಪ್ರಿಂಟಿಂಗ್ ಅಂಗಡಿ ಇದೆ. ಬಂದ ಗಿರಾಕಿಗಳಿಗೆಲ್ಲ ತನ್ನ ಮೂಗು ತೋರಿಸಿ, ಇದು ಈ ಕಡೆ ಮೂಗಲ್ಲ ಸಾರ್ ಅನ್ನುತ್ತಾನೆ. ಮೂಗು ಅಮ್ಮನದು. ಅಮ್ಮ ಹಾವೇರಿಯವಳು.

ಅವನು ಜರ್ಮನಿಗೆ ಹೊರಟಿದ್ದು ಆ ದೊರೆಯನ್ನು ಹುಡುಕೋಕೆ. ನಾನು ಹೊರಟಿದ್ದು ಅಂಥವನು ಯಾರೂ ಇರಲಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ. ಅದನ್ನು ಅವನಿಗೆ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ಅಪ್ಪನಿಗೆ ಐವತ್ತೆಂಟಕ್ಕೆ ಕೈ ಅಲ್ಲಾಡಲು ಶುರುವಾಯಿತು. ಆಮೇಲೆ ತಲೆ. ಆಮೇಲೆ ನಡಿಗೆ, ಮಾತು, ಕೊನೆಗೆ ಬುದ್ಧಿ. ವಯಸ್ಸಾಯಿತು ಅಂದುಕೊಂಡೆವು. ಅವರು ಹೋಗುವ ಮೊದಲಿನ ತಿಂಗಳು ಜಯನಗರದ ಒಬ್ಬ ನರರೋಗದ ಡಾಕ್ಟರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದು, ಇದು ವಂಶದಲ್ಲಿ ಇಳಿಯುವ ಕಾಯಿಲೆ ಇರಬಹುದು ಅಂದರು. ಕಾಯಿಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಫೋನಿನಲ್ಲಿ ಹುಡುಕುತ್ತೀರಿ, ನಾನು ಹುಡುಕಿದ ಹಾಗೆ. ಬುದ್ಧಿ ನೆಟ್ಟಗಿದ್ದಾಗಲೇ ಅಪ್ಪ ಯಾವ ಪರೀಕ್ಷೆಯೂ ಬೇಡ ಅಂದಿದ್ದರಿಂದ ಅದು ಅನುಮಾನವಾಗಿಯೇ ಉಳಿಯಿತು. ಇದ್ದರೆ ಮಕ್ಕಳಿಗೆ ಬರುವುದು ಅರ್ಧಕ್ಕರ್ಧ, ರಕ್ತ ಕೊಟ್ಟರೆ ಗೊತ್ತಾಗುತ್ತೆ, ಯೋಚನೆ ಮಾಡಿ ಅಂದರು. ನಾಣ್ಯ ಚಿಮ್ಮಿಸಿ ಸಂಭವನೀಯತೆ ಕಲಿಸುವವಳು ನಾನು. ಆ ದಿನದಿಂದ ಆ ಪಾಠಕ್ಕೆ ದಾಳ ತರುತ್ತೇನೆ.

ಏಳುವ ಹೊತ್ತಿಗೆ ಡಾಕ್ಟರು ಸುಮ್ಮನೆ ಒಂದು ಮಾತು ಸೇರಿಸಿದರು. ‘ನಿಮ್ಮ ಸರ್‌ನೇಮ್ ಯುರೋಪಿಂದಲ್ವಾ? ಆ ಕಡೆಯವರಲ್ಲಿ ಇದು ಸ್ವಲ್ಪ ಜಾಸ್ತಿ.’

ಮುಳುಗುವವಳಿಗೆ ಇಷ್ಟು ಸಾಕಾಯಿತು. ಕಾಯಿಲೆ ಅಲ್ಲಿಯದು. ದೊರೆಯ ರಕ್ತ ನಮ್ಮಲ್ಲಿ ಇಲ್ಲದಿದ್ದರೆ ಕಾಯಿಲೆಯೂ ಇಲ್ಲ. ಅಪ್ಪನಿಗೆ ಬಂದಿದ್ದು ಬರೀ ಮುಪ್ಪು. ಪ್ರಮೇಯಕ್ಕೆ ಇಂಥ ಸಾಧನೆಯನ್ನು ನನ್ನ ಹತ್ತನೇ ಕ್ಲಾಸಿನ ಮಕ್ಕಳು ಬರೆದಿದ್ದರೆ ಸೊನ್ನೆ ಹಾಕಿ ಕಿವಿ ಹಿಂಡುತ್ತಿದ್ದೆ. ನಾನೇ ಬರೆದುಕೊಂಡಿದ್ದರಿಂದ ಪೂರ್ತಿ ಅಂಕ ಕೊಟ್ಟುಕೊಂಡೆ. ಮೂರು ವರ್ಷ ಯಾರಿಗೂ ಬಾಯಿ ಬಿಡಲಿಲ್ಲ. ತಮ್ಮನಿಗೆ ಇಬ್ಬರು ಗಂಡುಮಕ್ಕಳು, ಅವನಿಗೂ ಹೇಳಲಿಲ್ಲ. ನನ್ನ ಮಗಳು ನಿಶಾ ಜೆ.ಪಿ. ನಗರದಲ್ಲಿದ್ದಾಳೆ, ಮದುವೆಯಾಗಿ ಎರಡು ವರ್ಷ. ಮದುವೆಗೆ ಮೊದಲು ಹೇಳಬೇಕಿತ್ತು, ಹೇಳಲಿಲ್ಲ. ಈ ವರ್ಷ ಗಂಡಹೆಂಡತಿ ಮಗುವಿಗೋಸ್ಕರ ಜಯನಗರ ಫೋರ್ತ್ ಬ್ಲಾಕಿನ ಲೇಡಿ ಡಾಕ್ಟರ ಹತ್ತಿರ ಓಡಾಡೋಕೆ ಶುರು ಮಾಡಿದರು. ಆಗ ನನ್ನ ನಿದ್ದೆ ಪೂರ್ತಿ ಹೋಯಿತು.

ಅದೇ ಸಮಯಕ್ಕೆ ಸುಧೀರ ಫೇಸ್‌ಬುಕ್ಕಿನಲ್ಲಿ ಬೈಲರ್‌ಗಳದೇ ಒಂದು ಗುಂಪು ಹುಡುಕಿದ. ದಕ್ಷಿಣ ಜರ್ಮನಿಯ ಒಂದು ಹಳ್ಳಿ, ಅರ್ಧ ಊರೇ ಬೈಲರ್‌ಗಳು, ಚರ್ಚಿನಲ್ಲಿ ಮಿಷನ್ನಿನ ಹಳೆಯ ಕಾಗದಗಳಿವೆ, ಬನ್ನಿ ಅಂದರಂತೆ. ನಾನೂ ಬರ್ತೀನಿ ಅಂದೆ. ಜಯನಗರಕ್ಕೆ ಹೋಗಿ ಎರಡು ಚಮಚ ರಕ್ತ ಕೊಡಲು ಹೆದರಿ ಜರ್ಮನಿಗೆ ಹೋದವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ವಿಮಾನ

ನಾನು ಮೂರು ವರ್ಷದಿಂದ ನನ್ನ ಕೈಯನ್ನೇ ನೋಡಿಕೊಂಡು ಬದುಕುತ್ತಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ಎರಡೂ ಕೈ ಮುಂದಕ್ಕೆ ಚಾಚುತ್ತೇನೆ. ಬೋರ್ಡಿನ ಮೇಲೆ ವೃತ್ತ ಬರೆದು, ಅದು ಸೊಟ್ಟಗಾದರೆ ಒರೆಸಿ ಇನ್ನೊಂದು ಬರೆಯುತ್ತೇನೆ. ಮಕ್ಕಳು ಮೇಡಂಗೆ ಪರ್ಫೆಕ್ಷನ್ ಹುಚ್ಚು ಅಂದುಕೊಂಡಿದ್ದಾರೆ.

ವಿಮಾನದಲ್ಲಿ ಕಾಫಿ ಕೊಟ್ಟರು. ಲೋಟ ಹಿಡಿದೆ. ಕಾಫಿ ಅಲ್ಲಾಡಿತು. ಇನ್ನೊಂದು ಕೈಯನ್ನೂ ಸೇರಿಸಿ ಹಿಡಿದೆ. ಅಷ್ಟರಲ್ಲಿ ಇಡೀ ವಿಮಾನವೇ ಕುಲುಕಾಡಿ ಬೆಲ್ಟ್ ಹಾಕಿಕೊಳ್ಳಿ ಅಂತ ಘೋಷಣೆಯಾಯಿತು. ಪಕ್ಕದ ಆಂಟಿ ‘ದೇವರೇ ದೇವರೇ’ ಅಂತ ಕಣ್ಣು ಮುಚ್ಚಿದರು. ಎಲ್ಲರ ಲೋಟವೂ ಅಲ್ಲಾಡುತ್ತಿತ್ತು, ಸುಧೀರನ ಶರ್ಟಿನ ಮೇಲೆಲ್ಲ ಕಾಫಿ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿಮಾನ ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಕುಲುಕಲಿ ಅಂತ ಬೇಡಿಕೊಂಡೆ.

ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಗಾಜಿನ ಗೂಡು. ಒಳಗಿದ್ದ ಯುವಕ ನನ್ನ ಹೆಸರು ಓದಿ ಹುಬ್ಬೇರಿಸಿ, ಯಾಕೆ ಬಂದಿರಿ ಅಂದ. ಫ್ಯಾಮಿಲಿ ಅಂದೆ. ಫ್ಯಾಮಿಲಿ ಇಲ್ಲಿದ್ದಾರಾ ಅಂದ. ಇಲ್ಲ ಅಂತ ತಿಳ್ಕೊಳ್ಳೋಕೆ ಬಂದೆ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಮಾತು ತೊದಲಿತು. ಅಪ್ಪನಿಗೂ ಹೀಗೇ ತೊದಲುತ್ತಿತ್ತು ಅಂತ ನೆನಪಾಗಿ ಇನ್ನಷ್ಟು ತೊದಲಿತು. ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಹಿಂದಿನಿಂದ ಸುಧೀರ ಬಗ್ಗಿ, ಹಳ್ಳಿಯಿಂದ ಬಂದಿದ್ದ ಆಹ್ವಾನದ ಕಾಗದ ತೋರಿಸಿ ಹಲ್ಲು ಕಿರಿದ. ಠಪ್ ಅಂತ ಮುದ್ರೆ ಬಿತ್ತು.

ರೈಲು

ನಮ್ಮ ರೈಲಿನಲ್ಲಿ ಎದುರು ಕೂತವರು ಎರಡನೇ ನಿಲ್ದಾಣಕ್ಕೆಲ್ಲ ನಮ್ಮ ಜಾತಕ ತಿಳಿದುಕೊಂಡಿರುತ್ತಾರೆ. ಇಲ್ಲಿ ಎದುರು ಕೂತ ಹೆಂಗಸು ಮುಕ್ಕಾಲು ಗಂಟೆ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಸುಧೀರ ಹೆಂಡತಿಗೆ ಫೋನ್ ಹಚ್ಚಿ, ನಮ್ಮೂರಿಗೆ ಹೋಗ್ತಿದ್ದೀವಿ ಕಣೇ ಅಂತ ಇಡೀ ಬೋಗಿಗೆ ಕೇಳುವ ಹಾಗೆ ಕೂಗಿದ. ಆ ಹೆಂಗಸು ಮೆಲ್ಲಗೆ ಕಿಟಕಿಯ ಮೇಲಿನ ಚೀಟಿ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಚಿತ್ರ. ನಾವು ಮಾತಾಡಬಾರದ ಬೋಗಿ ಹತ್ತಿದ್ದೆವು.

ಬಾಯಿ ಮುಚ್ಚಿಕೊಂಡಿರುವುದು ನನಗೆ ಹೊಸದಲ್ಲ. ಕಿಟಕಿಯಾಚೆ ಚೆರ್ರಿ ತೋಟಗಳು, ಕೆಂಪು ಹೆಂಚು, ಒಂದೇ ಅಳತೆಗೆ ಕತ್ತರಿಸಿಟ್ಟ ಸೌದೆ. ಪಕ್ಕದಲ್ಲಿ ಸುಧೀರ ಮಕ್ಕಳಿಬ್ಬರ ಫೋಟೋ ನೋಡುತ್ತ ಕೂತಿದ್ದ. ಅವನ ಎಡಗೈ ಹೆಬ್ಬೆರಳು ಆಗಾಗ ಎಗರುತ್ತಿತ್ತು. ಬರೀ ಅಭ್ಯಾಸ ಇರಬಹುದು. ನಾನು ಕಣ್ಣು ತಿರುಗಿಸಿ ಸೌದೆ ನೋಡಿದೆ.

ಹಳ್ಳಿ, ಮೊದಲನೇ ದಿನ

ಊರಿನ ಹೆಸರು ಹೇಳೋಣ ಅಂದರೆ ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ಬಸ್ಸಿನಿಂದ ಇಳಿದಾಗ ಎಪ್ಪತ್ತು ದಾಟಿದ ಹೆಂಗಸೊಬ್ಬರು ನಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದರು. ಎಲ್ಸಾ ಬೈಲರ್. ಮೊದಲು ಪೋಸ್ಟ್ ಆಫೀಸಿನಲ್ಲಿದ್ದವರು, ಈಗ ಚರ್ಚಿನ ಕಾಗದಪತ್ರದ ಕೋಣೆಯ ಬೀಗದ ಕೈ ಅವರ ಹತ್ತಿರ. ಮಗಳು ಕೆನಡಾದಲ್ಲಿರುವುದರಿಂದ ನಿಧಾನದ ಇಂಗ್ಲಿಷು ಬರುತ್ತದೆ. ಕೈಕುಲುಕಿದರು. ನಾನು ಆ ಕೈಯನ್ನೇ ಗಮನಿಸಿದೆ. ಅದು ನೇಗಿಲು ಹಿಡಿಯಬಹುದಾದ ಕೈ, ಗಟ್ಟಿ.

ಸುಧೀರನಿಗೆ ಮೊದಲು ಸ್ಮಶಾನ ನೋಡಬೇಕಿತ್ತು. ಹೂವಿನ ತೋಟದ ಹಾಗಿತ್ತು, ಪ್ರತಿಯೊಂದು ಗೋರಿಗೂ ನೀರು ಹಾಕಲು ಹಸಿರು ಕ್ಯಾನುಗಳನ್ನು ಸಾಲಾಗಿ ನೇತುಹಾಕಿದ್ದರು. ಬೈಲರ್, ಬೈಲರ್, ಬೈಲರ್. ಆದರೆ ಯಾವ ಕಲ್ಲೂ ಮೂವತ್ತು ನಲವತ್ತು ವರ್ಷಕ್ಕಿಂತ ಹಳೆಯದಲ್ಲ. ಹಳಬರೆಲ್ಲ ಎಲ್ಲಿ ಅಂತ ಸುಧೀರ ಕೇಳಿದ. ಇಲ್ಲಿ ಜಾಗಕ್ಕೆ ಅವಧಿ ಇದೆ, ಮುಗಿದ ಮೇಲೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ ಅಂದರು ಎಲ್ಸಾ. ತಮ್ಮ ಅಜ್ಜಿಯ ಕಲ್ಲನ್ನು ಅವರು ಮನೆಗೆ ತಂದು ಹಿತ್ತಲ ಮೆಟ್ಟಿಲಿಗೆ ಹಾಕಿಕೊಂಡಿದ್ದಾರಂತೆ. ಸುಧೀರನ ಮುಖ ಸಪ್ಪಗಾಯಿತು. ನಾನು ಮಾತ್ರ ಬೇರೆಯದೇ ಕೇಳಿದೆ. ಈ ಬೈಲರ್‌ಗಳು ಸಾಮಾನ್ಯವಾಗಿ ಹೇಗೆ ಸಾಯುತ್ತಾರೆ ಅಂತ.

ಇಂಥ ಪ್ರಶ್ನೆ ಯಾರು ಕೇಳುತ್ತಾರೆ ಹೇಳಿ. ಸುಧೀರ ನನ್ನ ಮೊಣಕೈ ತಿವಿದ. ಎಲ್ಸಾ ಬೇಜಾರು ಮಾಡಿಕೊಳ್ಳದೆ ಸಾಲು ಸಾಲಾಗಿ ತೋರಿಸುತ್ತ ಹೋದರು. ಇವನು ಹೃದಯ, ಇವಳು ಹೃದಯ, ಇವನು ಚೆರ್ರಿ ಮರದಿಂದ ಬಿದ್ದ, ಇವಳು ತೊಂಬತ್ತೆಂಟಕ್ಕೆ ನಿದ್ದೆಯಲ್ಲಿ. ಕೈ ನಡುಗುವುದು, ತಲೆ ಅಲ್ಲಾಡುವುದು ಏನಾದರೂ ಇತ್ತಾ ಅಂದೆ. ಇಲ್ಲ, ನಾವು ಕೊನೆವರೆಗೂ ಗಟ್ಟಿ ಅಂದರು. ನಾನು ಉಸ್ಸಪ್ಪಾ ಅಂತ ಅಲ್ಲೇ ಬೆಂಚಿನ ಮೇಲೆ ಕೂತೆ.

ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಗೆ ಹೋದೆವು. ಎಲ್ಸಾ ದಪ್ಪ ಪುಸ್ತಕ ತೆಗೆಯುವ ಮೊದಲು ಸಂಕೋಚದಿಂದ ಬೀರುವಿನಿಂದ ಒಂದು ಗೊಂಬೆ ತಂದಿಟ್ಟರು. ಮಂಡಿಯೂರಿ ಕೂತ ಕಪ್ಪು ಮನುಷ್ಯ, ತಲೆಗೆ ರುಮಾಲು, ಕೈಮುಗಿದಿದ್ದಾನೆ. ಕಾಲ ಬಳಿ ಕಾಸು ಹಾಕುವ ಕಂಡಿ. ಹಿಂದೆ ಭಾನುವಾರದ ಶಾಲೆಯ ಮಕ್ಕಳು ಮಿಷನ್ನಿಗೆ ಕಾಸು ಕೂಡಿಸುತ್ತಿದ್ದುದು ಇದರಲ್ಲೇ, ಈಗ ನಮಗೆ ನಾಚಿಕೆ, ಹೊರಗೆ ಇಡುವುದಿಲ್ಲ ಅಂದರು. ಸುಧೀರನಿಗೆ ನಾಚಿಕೆ ಎಲ್ಲಿಂದ ಬರಬೇಕು. ಜೇಬಿನಿಂದ ನಾಣ್ಯ ತೆಗೆದು ಹಾಕಿಯೇಬಿಟ್ಟ.

ಗೊಂಬೆ ತಲೆ ಅಲ್ಲಾಡಿಸಿತು. ಥ್ಯಾಂಕ್ಸ್ ಹೇಳುವುದಕ್ಕೆ ಒಳಗೆ ಅದೇನೋ ಸ್ಪ್ರಿಂಗ್ ಇಟ್ಟಿದ್ದಾರೆ. ಒಂದು ಸಲ, ಎರಡು ಸಲ, ಹತ್ತು ಸಲ. ನಿಲ್ಲಲಿಲ್ಲ. ಅಪ್ಪ ಕೊನೆಯ ವರ್ಷ ವರಾಂಡದ ಕುರ್ಚಿಯಲ್ಲಿ ಕೂತು ಹೀಗೇ ಅಲ್ಲಾಡಿಸುತ್ತಿದ್ದರು. ಬೀದಿಯಲ್ಲಿ ಹೋಗುವವರು ತಮಗೆ ನಮಸ್ಕಾರ ಹೇಳಿದರು ಅಂದುಕೊಂಡು ತಿರುಗಿ ಕೈಮುಗಿಯುತ್ತಿದ್ದರು. ನಾನು ಎದ್ದು ಎರಡೂ ಕೈಯಲ್ಲಿ ಆ ಗೊಂಬೆಯ ತಲೆ ಹಿಡಿದು ನಿಲ್ಲಿಸಿದೆ. ಏನಾಯ್ತಕ್ಕಾ ಅಂದ ಸುಧೀರ. ಮುರಿದು ಹೋಗುತ್ತೆ ಅಂದೆ.

ಆಮೇಲೆ ಪುಸ್ತಕ ತೆರೆಯಿತು. ಮಿಷನ್ನಿನಲ್ಲಿ ಒಂದು ಪದ್ಧತಿ ಇತ್ತಂತೆ. ದೂರದೇಶದ ಅನಾಥಾಲಯದ ಒಂದು ಮಗುವನ್ನು ಸಾಕುವಷ್ಟು ಕಾಸು ಯಾವ ಊರು ಕೂಡಿಸುತ್ತದೋ ಆ ಊರಿನವರು ಆ ಮಗುವಿಗೆ ಹೆಸರಿಡಬಹುದು. ಈ ಊರಿನ ಮಕ್ಕಳು ತಮ್ಮಲ್ಲಿ ಹೆಚ್ಚು ಜನಕ್ಕಿದ್ದ ಹೆಸರನ್ನೇ ಕೊಟ್ಟಿದ್ದರು. ಎಲ್ಸಾ ಬೆರಳಿಟ್ಟು ಓದಿದರು. ಯೋಹಾನ ಬೈಲರ್, ಸುಮಾರು ಮೂರು ವರ್ಷ, ಕನ್ನಡ ದೇಶದ ಮಗು, ತಾಯಿ ತಂದೆ ಇಬ್ಬರೂ ಆ ಸೀಮೆಯವರೇ.

ದೊರೆಯೂ ಇಲ್ಲ, ಹಡಗೂ ಇಲ್ಲ. ಸುಧೀರ ಮೂಗು ಮುಟ್ಟಿ ನೋಡಿಕೊಂಡ. ಪಾಪ, ನಲವತ್ತೇಳು ವರ್ಷದ ಆಸ್ತಿ ಒಂದು ಸಾಲಿನಲ್ಲಿ ಹೋಯಿತು. ನಾನು ನಾಚಿಕೆಯಿಲ್ಲದೆ ಕುಣಿಯುವುದೊಂದು ಬಾಕಿ. ಎಲ್ಸಾ ಅವರ ಮನೆಯಲ್ಲಿ ಚೆರ್ರಿ ಕೇಕನ್ನು ಎರಡು ಸಲ ಹಾಕಿಸಿಕೊಂಡೆ. ಕಾಫಿಯ ಬಟ್ಟಲನ್ನು ಮೂರು ವರ್ಷದಲ್ಲಿ ಮೊದಲ ಬಾರಿಗೆ ಒಂದೇ ಕೈಯಲ್ಲಿ ಹಿಡಿದೆ. ಸೊಸೆ ಹೆತ್ತಳು ಅನ್ನುವ ಸುದ್ದಿ ಬಂದವರ ಹಾಗೆ ಇದ್ದೀಯಲ್ಲ ಅಂತ ಸುಧೀರ ಮೂತಿ ತಿರುಗಿಸಿದ.

ಹಳ್ಳಿ, ಎರಡನೇ ದಿನ

ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಎಲ್ಸಾ ಒಂದು ಕಂದು ಲಕೋಟೆ ತಂದರು. ಆ ಕಾಲದಲ್ಲಿ ಕಾಸು ಕೊಟ್ಟ ಮಕ್ಕಳಿಗೆ ಅನಾಥಾಲಯ ನೋಡಿಕೊಳ್ಳುತ್ತಿದ್ದ ಮಿಷನ್ನಿನ ಅಮ್ಮನವರು ಕಾಗದ ಬರೆಯುತ್ತಿದ್ದರಂತೆ, ನಿಮ್ಮ ಮಗು ಹೇಗೆ ಬಂತು, ಹೇಗಿದೆ ಅಂತ. ಯೋಹಾನನದೂ ಸಿಕ್ಕಿದೆ, ಹಳೇ ಅಕ್ಷರ, ಓದಲು ಹೊತ್ತಾಯಿತು ಅಂದರು. ಹಾಗಂದವರು ನನ್ನನ್ನು ನೋಡಲಿಲ್ಲ. ನಿನ್ನೆ ನಾನು ಸ್ಮಶಾನದಲ್ಲಿ ಕೇಳಿದ ಪ್ರಶ್ನೆ ಅವರಿಗೆ ನೆನಪಿತ್ತು.

‘ಇದನ್ನು ನೀವಿಬ್ಬರೂ ಕೇಳಬೇಕಾ, ನೀವೊಬ್ಬರೇನಾ?’ ಅಂತ ನನ್ನನ್ನು ಕೇಳಿದರು.

ನಾನು ಲಕೋಟೆಯ ಮೇಲೆ ಕೈಯಿಟ್ಟೆ. ಬೇಡ, ಓದಬೇಡಿ ಅನ್ನಬೇಕು ಅಂದುಕೊಂಡೆ. ಸುಧೀರ ಅಷ್ಟರಲ್ಲೇ ಕುರ್ಚಿ ಎಳೆದುಕೊಂಡು, ಓದಿ ಮೇಡಂ ಅಂದ.

ಅವರು ನಿಲ್ಲಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದರು. ಮಗುವನ್ನು ಕರೆತಂದವಳು ಅದರ ತಾಯಿ. ಚಿಕ್ಕ ವಯಸ್ಸು, ಗಂಡ ಸತ್ತಿದ್ದ. ಮಗುವನ್ನು ಸೀರೆಯಿಂದ ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಂಡು ಎರಡು ದಿನ ನಡೆದು ಬಂದಿದ್ದಳು. ಕಂಕುಳಲ್ಲಿ ಎತ್ತಿಕೊಳ್ಳದೆ ಹೀಗೇಕೆ ಕಟ್ಟಿಕೊಂಡೆ ಅಂದರೆ, ತನ್ನ ಕೈಗಳ ಮೇಲೆ ತನಗೆ ನಂಬಿಕೆಯಿಲ್ಲ ಅಂದಳಂತೆ. ಅವಳ ತಲೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ, ಕೈಗಳೂ ನಿಲ್ಲುತ್ತಿರಲಿಲ್ಲ. ಊರಿನವರು ದೆವ್ವ ಹಿಡಿದಿದೆ ಅಂತ ಹೊರಗಿಟ್ಟಿದ್ದರು.

ಎಲ್ಸಾ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಂದು ಸಾಲಿದೆ ಅಂದರು. ಬಾಗಿಲಲ್ಲೇ ನಿಂತು ಅವಳು ಮೊದಲು ಹೇಳಿದ್ದು ಇದನ್ನಂತೆ.

‘ಇದು ನಮ್ಮಪ್ಪನಿಗೂ ಇತ್ತು. ಮಗುವಿಗೂ ಬರಬಹುದು. ತಿಳ್ಕೊಂಡು ಇಟ್ಕೊಳ್ಳಿ. ಅವನು ದೊಡ್ಡವನಾದಾಗ ಅವನಿಗೂ ಹೇಳಿ.’

ಕನ್ನಡದಲ್ಲಿ ಆಡಿದ ಮಾತು, ಜರ್ಮನ್ನಿನಲ್ಲಿ ಬರೆಸಿಕೊಂಡು, ಇಂಗ್ಲಿಷಿನಲ್ಲಿ ನನ್ನ ಕಿವಿಗೆ ಬಿತ್ತು. ಆದರೂ ಅವಳ ಧ್ವನಿಯೇ ಕೇಳಿದ ಹಾಗಾಯಿತು. ಅವಳ ಹೆಸರೇನು ಅಂದೆ. ಬರೆದಿಲ್ಲ ಅಂದರು ಎಲ್ಸಾ. ಹುಡುಗನಿಗೆ ಅವರು ಹೇಳಿದರಾ ಅಂದೆ. ಹೇಳಿದ ಹಾಗೆ ಯಾವ ಕಾಗದದಲ್ಲೂ ಇಲ್ಲ.

ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಯೋಹಾನನ ಮಗ, ನಮ್ಮ ತಾತ, ಒಂದು ತೊಟ್ಟೂ ಕುಡಿಯದೆ ಕುಡುಕ ಅನ್ನಿಸಿಕೊಂಡು ಸಾಯುತ್ತಿರಲಿಲ್ಲ. ಬೀದಿಯಲ್ಲಿ ತೂರಾಡುತ್ತಾನೆ ಅಂತ ಚರ್ಚಿನವರು ಅವನನ್ನು ಪ್ರಾರ್ಥನೆಗೂ ಸೇರಿಸುತ್ತಿರಲಿಲ್ಲ. ಅಪ್ಪನಿಗೂ ಒಳಗೊಳಗೇ ಗೊತ್ತಿತ್ತು, ಅದಕ್ಕೇ ಪರೀಕ್ಷೆ ಬೇಡ ಅಂದರು. ಆ ಹೆಂಗಸಿಗೆ ಓದು ಬರೆಹ ಬರುತ್ತಿರಲಿಲ್ಲ. ಗುರುತು ಪರಿಚಯ ಇಲ್ಲದ ಬಿಳಿಯರ ಬಾಗಿಲಲ್ಲಿ, ಎಲ್ಲಿ ಮಗು ಬೇಡ ಅಂತ ವಾಪಸ್ ಕಳಿಸಿಬಿಡುತ್ತಾರೋ ಅನ್ನುವ ಭಯ ಇದ್ದೂ, ಅವಳು ಮೊದಲ ಮಾತಿಗೇ ಹೇಳಿದಳು. ಎಂ.ಎಸ್ಸಿ. ಮಾಡಿದ ನಾನು ಹೆತ್ತ ಮಗಳಿಂದ ಮೂರು ವರ್ಷ ಮುಚ್ಚಿಟ್ಟೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಭಯವೂ ಆಯಿತು, ಹಿಂದೆಂದೂ ಆಗದಷ್ಟು. ಇಷ್ಟು ದಿನ ಅದು ಯಾರದೋ ದೇಶದ ಕಾಯಿಲೆ ಅಂದುಕೊಂಡಿದ್ದೆ. ಈಗ ಅದು ನಮ್ಮ ಮನೆಯದೇ.

ಸುಧೀರ ನನ್ನ ಮುಖ ನೋಡುತ್ತಿದ್ದ. ಅವನು ಮಾತಿನ ಮಲ್ಲನಾದರೂ ದಡ್ಡನಲ್ಲ.

‘ಅಕ್ಕಾ, ಅಪ್ಪನಿಗಿದ್ದಿದ್ದು ಇದೇನಾ?’

ಹೌದು ಅಂದೆ. ಡಾಕ್ಟರು ಹೇಳಿದ್ದೆಲ್ಲ ಹೇಳಿದೆ. ಅವನು ಬೈಯಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಎಲ್ಸಾ ಅವರ ಅಜ್ಜಿಯ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. ನಾನು ದಿನಾ ಬೆಳಿಗ್ಗೆ ಮಾಡುವುದನ್ನು ಇನ್ನೊಬ್ಬರು ಮಾಡುವುದು ನೋಡಿದ್ದು ಅದೇ ಮೊದಲು. ಎಲ್ಸಾ ಹೋಗಿ ಅವನ ಪಕ್ಕದಲ್ಲಿ ಕೂತರು.

ನಮ್ಮಲ್ಲಿ ಆಗ ಮಧ್ಯಾಹ್ನ. ನಿಶಾಗೆ ಫೋನ್ ಮಾಡಿದೆ. ಅಮ್ಮಾ, ಸಿಕ್ಕಿದ್ನಾ ನಿಮ್ಮ ದೊರೆ ಅಂತ ನಗುತ್ತ ಶುರು ಮಾಡಿದಳು. ನಾನು ನಿಲ್ಲಿಸದೆ ಎಲ್ಲ ಹೇಳಿಬಿಟ್ಟೆ, ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲ ಅಂತ.

‘ಯಾವಾಗಿಂದ ಗೊತ್ತಿತ್ತು ನಿಂಗೆ?’ ಅಂದಳು.

‘ನಿನ್ನ ತಾತ ಹೋಗೋಕೆ ಮುಂಚಿನಿಂದ.’

‘ನನ್ನ ಮದುವೇಲಿ ಗೊತ್ತಿತ್ತು.’

‘ಹೂಂ.’

ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ಸಂಜೆ ಅಳಿಯ ಎತ್ತಿ, ಅವಳು ಈಗ ಮಾತಾಡೋ ಸ್ಥಿತೀಲಿಲ್ಲ ಆಂಟಿ ಅಂದ. ಅಲ್ಲಿಯವರೆಗೆ ನನ್ನನ್ನು ಅತ್ತೆ ಅನ್ನುತ್ತಿದ್ದ.

ಜಯನಗರ

ಬೆಂಗಳೂರಿಗೆ ಬಂದ ಮೇಲೂ ನಿಶಾ ಮಾತಾಡಲಿಲ್ಲ. ನಾನು ಒಬ್ಬಳೇ ಡಾಕ್ಟರ ಹತ್ತಿರ ಹೋಗಿ, ನನ್ನದು ಮೊದಲು ಪರೀಕ್ಷೆ ಮಾಡಿ ಅಂದೆ. ನನಗೆ ಇಲ್ಲ ಅಂತಾದರೆ ಅವಳಿಗೂ ಇಲ್ಲ, ಅವಳು ಸೂಜಿ ಚುಚ್ಚಿಸಿಕೊಳ್ಳುವುದೇ ಬೇಡ. ಇದೆ ಅಂತಾದರೆ ಅವಳ ಲೆಕ್ಕ ಅರ್ಧಕ್ಕರ್ಧ. ಸುಮ್ಮನೆ ರಕ್ತ ತೆಗೆಯುವುದಿಲ್ಲ, ಮೊದಲು ಕೂರಿಸಿ ಮಾತಾಡಿಸುತ್ತಾರೆ. ಉತ್ತರ ಕೆಟ್ಟದಾಗಿ ಬಂದರೆ ಯಾರ ಜೊತೆ ಇರುತ್ತೀರಿ ಅಂತ ಕೇಳಿದರು. ಏನು ಹೇಳಲಿ, ಗಂಡ ಇಲ್ಲ, ಮಗಳು ಮಾತು ಬಿಟ್ಟಿದ್ದಾಳೆ. ತಮ್ಮನ ಹೆಸರು ಬರೆಸಿದೆ. ಯಾವತ್ತು ರಕ್ತ ಕೊಡುತ್ತೇನೆ ಅಂತ ಮಗಳಿಗೆ ಮೆಸೇಜು ಹಾಕಿದೆ.

ಆ ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಟೋಕನ್ ಹಿಡಿದು ಕೂತಿದ್ದಾಗ ನಿಶಾ ಬಂದಳು. ಹೆಲ್ಮೆಟ್ ತೆಗೆಯದೆ ಎರಡು ಕುರ್ಚಿ ಬಿಟ್ಟು ಕೂತಳು. ನಾನು ನೋಡಿದರೆ ಅವಳು ಗೋಡೆ ನೋಡಿದಳು. ನನ್ನ ಹೆಸರು ಕೂಗಿದರು. ಒಳಗೆ ಹೋಗಿ ತೋಳು ಚಾಚಿದೆ. ಕೈ ನಡುಗಲು ಶುರುವಾಯಿತು, ಬೆರಳಿಂದ ಭುಜದವರೆಗೆ. ಹಿಡಿದುಕೊಳ್ಳಲು ನೋಡಿದಷ್ಟೂ ಹೆಚ್ಚಾಯಿತು. ರಕ್ತ ತೆಗೆಯುವ ಹುಡುಗಿ ಎರಡು ಸಲ ಸೂಜಿ ಹಿಂದಕ್ಕೆ ತೆಗೆದುಕೊಂಡು, ಮೇಡಂ ಕೈ ಅಲ್ಲಾಡಿಸ್ಬೇಡಿ, ನರ ಸಿಗ್ತಿಲ್ಲ ಅಂದಳು.

ಪರದೆ ಸರಿಸಿಕೊಂಡು ನಿಶಾ ಒಳಗೆ ಬಂದಳು. ನನ್ನ ಮುಂಗೈಯನ್ನು ತನ್ನ ಎರಡೂ ಕೈಯಿಂದ ಮೇಜಿಗೆ ಒತ್ತಿ ಹಿಡಿದಳು. ನೋವಾಗುವಷ್ಟು ಗಟ್ಟಿಯಾಗಿ.

‘ಹೆದರ್ಕೊಂಡಿದ್ದಾರೆ, ಅಷ್ಟೇ,’ ಅಂದಳು ಆ ಹುಡುಗಿಗೆ. ‘ನೀವು ತಗೊಳ್ಳಿ.’

ಹತ್ತೊಂಬತ್ತು ದಿನದ ಮೇಲೆ ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಅಷ್ಟೇ ಹೌದೋ ಅಲ್ಲವೋ ಅವಳಿಗೂ ಗೊತ್ತಿಲ್ಲ, ರಿಪೋರ್ಟು ಬಂದಿಲ್ಲ, ನನಗೂ ಇನ್ನೂ ಗೊತ್ತಾಗಿಲ್ಲ.